ಆ ವಾರ ನಾನು ಹಾಕಿದ ಮೂರು ಚೈನುಗಳು

ನನ್ನ ಗಂಡನ ಬಲಗೈ ತೋರುಬೆರಳು ಸೈಕಲ್ ಚೈನಿಗೂ ಅದರ ಹಲ್ಲಿನ ಚಕ್ರಕ್ಕೂ ನಡುವೆ ಸಿಕ್ಕಿಕೊಂಡ ದಿನ ನಾನು ಮನೆಯಲ್ಲಿ ಜಂಪರಿಗೆ ಹುಕ್ಕು ಹಚ್ಚುತ್ತ ಕೂತಿದ್ದೆ. ಅಂಗಡಿಯ ಪಕ್ಕದಲ್ಲಿ ಚಹಾ ಮಾರುವವರು ಬಾಗಿಲಿಗೆ ಬಂದು, "ಅಕ್ಕಾರ, ಲಗೂ ಬರ್ರಿ, ಯಜಮಾನ್ರ ಬೆರಳು ಚೈನಿನಾಗ ಸಿಕ್ಕೈತಿ" ಅಂದರು. ನಾನು ಹೋಗುವಷ್ಟರಲ್ಲಿ ಬೆರಳು ಹೊರಗೆ ಬಂದಿತ್ತು. ಉಗುರು ಕಿತ್ತು ಜೋತಾಡುತ್ತಿತ್ತು. ಅದರ ಸುತ್ತ ಅಂಗಡಿಯ ಎಣ್ಣೆ ಅರಿವೆಯನ್ನೇ ಸುತ್ತಿಕೊಂಡು ಅವರು ಕಟ್ಟೆಯ ಮೇಲೆ ಕೂತಿದ್ದರು.

ದವಾಖಾನೆಯಲ್ಲಿ ಹೊಲಿಗೆ ಹಾಕುತ್ತ ಡಾಕ್ಟರು ಕೇಳಿದರು: "ಇಷ್ಟು ವರ್ಷದ ಕೆಲಸ ನಿಮ್ದು. ಹೆಂಗ ಸಿಗಿಸ್ಕೊಂಡ್ರಿ?"

"ಕಾಣಲಿಲ್ರಿ" ಅಂದರು ಅವರು.

ಆ ಮಾತನ್ನು ನಾನು ಒಂದು ವರ್ಷದಿಂದ ಅವರ ಬಾಯಿಂದ ಹೊರಡಿಸಲು ನೋಡುತ್ತಿದ್ದೆ. ಊಟಕ್ಕೆ ಕೂತಾಗ ತಾಟಿನ ಪಕ್ಕದಲ್ಲಿಟ್ಟ ನೀರಿನ ತಂಬಿಗೆಗೆ ಕೈ ತಾಗಿಸಿ ಕೆಡವುತ್ತಿದ್ದರು. ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಳ್ಳುತ್ತಿದ್ದರು. ಕೇಳಿದರೆ, "ಲಕ್ಷ್ಯ ಇರಲಿಲ್ಲ" ಎನ್ನುತ್ತಿದ್ದರು. ಈಗ ಡಾಕ್ಟರ ಮುಂದೆ, ಹೊಲಿಗೆಯ ಸೂಜಿ ಚುಚ್ಚಿಸಿಕೊಳ್ಳುತ್ತ, ನಿಜ ಹೊರಬಿತ್ತು.

ಹಾವೇರಿಯಲ್ಲಿ ನಮ್ಮ ಮಗಳನ್ನು ಕೊಟ್ಟಿದ್ದೇವೆ. ಅವಳೇ ಅಪ್ಪನನ್ನು ಅಲ್ಲಿಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಒಣಗುತ್ತ ಬಂದಿದೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಇದ್ದಷ್ಟನ್ನು ಉಳಿಸಿಕೊಳ್ಳಬೇಕು, ದಿನಕ್ಕೆ ಎರಡು ಸಲ ಹನಿ ಬಿಡುವುದನ್ನು ಒಂದು ದಿನವೂ ತಪ್ಪಿಸಬಾರದು ಎಂದು ಅವರು ಹೇಳಿದರು. ಎದುರಿಗಿದ್ದುದು ಇವರಿಗೆ ಚೆನ್ನಾಗಿ ಕಾಣುತ್ತಿತ್ತು, ಪಕ್ಕದ್ದು ಕಾಣುತ್ತಿರಲಿಲ್ಲ. ನೀರಿನ ಪೈಪಿನೊಳಗಿಂದ ನೋಡಿದಂತೆ ಎಂದು ಒಮ್ಮೆ ನನಗೆ ಹೇಳಿದರು. ಸೈಕಲ್ ರಿಪೇರಿಯಲ್ಲಿ ಒಂದು ಕೈ ಪೆಡಲ್ ತಿರುಗಿಸುತ್ತಿರುತ್ತದೆ, ಇನ್ನೊಂದು ಕೈ ಚೈನು ಹಿಡಿದಿರುತ್ತದೆ. ಎರಡೂ ಒಟ್ಟಿಗೆ ಕಾಣದಿದ್ದರೆ ಬೆರಳು ಒಳಗೆ ಹೋಗುತ್ತದೆ.

ನಮ್ಮ ಅಂಗಡಿ ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲಿದೆ. ಒಂದು ಖೋಲಿ, ಮುಂದೆ ತಗಡಿನ ಚಪ್ಪರ. ಬೈಕು ಬಂದ ಮೇಲೂ ಸೈಕಲ್ಲು ಪೂರ್ತಿ ಹೋಗಿಲ್ಲ. ಮಾರ್ಕೆಟ್ಟಿನ ಹಮಾಲರು, ಮೆಣಸಿನಕಾಯಿಯ ತೊಟ್ಟು ಬಿಡಿಸಲು ಬರುವ ಹೆಂಗಸರು, ಹಳ್ಳಿ ಹಳ್ಳಿಗೆ ತಿನಿಸು ಮಾರುವವರು ಇನ್ನೂ ಸೈಕಲ್ ಮೇಲೆಯೇ ಇದ್ದಾರೆ. ನಾನು ಕುಪ್ಪೇಲೂರಿನವಳು. ಮದುವೆಗೆ ಮುಂಚೆಯೇ ಹೊಲಿಗೆ ಕಲಿತಿದ್ದೆ. ಮನೆಯಲ್ಲಿ ಮಷೀನು ಇಟ್ಟುಕೊಂಡು ಜಂಪರು, ಪೆಟಿಕೋಟು ಹೊಲಿಯುತ್ತಿದ್ದೆ. ಇಷ್ಟು ವರ್ಷ ಅಂಗಡಿಗೆ ಊಟದ ಡಬ್ಬಿ ಒಯ್ದದ್ದು ಬಿಟ್ಟರೆ ನಟ್ಟು ತಿರುಗಿಸುವ ಒಂದು ಪಾನಾವನ್ನೂ ನಾನು ಮುಟ್ಟಿದವಳಲ್ಲ.

ಬೆರಳಿಗೆ ಹೊಲಿಗೆ ಹಾಕಿಸಿದ ಮಾರನೇ ದಿನ ಅಂಗಡಿ ತೆರೆದು ಕೂತೆ. ರಿಪೇರಿಗೆ ಅಂತಲ್ಲ. ಬಂದವರಿಗೆ ಹದಿನೈದು ದಿನ ಬಿಟ್ಟು ಬನ್ನಿ ಎಂದು ಹೇಳುವುದಕ್ಕೆ. ಎರಡು ದಿನ ಹಾಗೇ ಹೇಳಿ ಕಳಿಸಿದೆ. ಮೂರನೇ ದಿನ ಅವರೂ ಬಂದು ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಆನಿಸಿಕೊಂಡು ಸ್ಟೂಲಿನ ಮೇಲೆ ಕೂತರು. ಅಷ್ಟರಲ್ಲಿ ಹೆಂಗಸೊಬ್ಬಳು ಸೈಕಲ್ಲು ತಳ್ಳಿಕೊಂಡು ಬಂದಳು. ಚೈನು ಬಿದ್ದು ಮುಂದಿನ ಚಕ್ರಕ್ಕೂ ಪೈಪಿಗೂ ನಡುವೆ ಗಟ್ಟಿಯಾಗಿ ಸೇರಿಕೊಂಡಿತ್ತು. ಮುಂದಿನ ಚಕ್ರ ಅಂದರೆ ಗಾಲಿಯಲ್ಲ, ಪೆಡಲಿಗೆ ಹೊಂದಿದ ದೊಡ್ಡ ಹಲ್ಲಿನ ಚಕ್ರ. ನಾನು ಮಾಮೂಲಿನಂತೆ "ಹದಿನೈದು ದಿನ..." ಎನ್ನಲು ಬಾಯಿ ತೆರೆದೆ.

"ಸ್ಕ್ರೂಡ್ರೈವರ್ ತಗೊ" ಅಂದರು ಅವರು ನನಗೆ.

"ನಾನಾ?"

"ಮತ್ತ ಇಲ್ಲಿ ಯಾರ ಅದಾರ?"

ಅವರು ಹೇಳಿದಂತೆ ಮಾಡಿದೆ. ಸಿಕ್ಕ ಚೈನನ್ನು ಎಳೆಯಬಾರದು, ಸ್ಕ್ರೂಡ್ರೈವರಿನ ತುದಿ ಒಳಗೆ ಹಾಕಿ ಮೆಲ್ಲಗೆ ಮೀಟಬೇಕು. ಬಿಟ್ಟುಕೊಂಡ ಮೇಲೆ ಮೊದಲು ಹಿಂದಿನ ಗಾಲಿಯ ಸಣ್ಣ ಹಲ್ಲಿನ ಚಕ್ರಕ್ಕೆ, ಅಂದರೆ ಫ್ರೀವೀಲಿಗೆ, ಕೂರಿಸಬೇಕು. ಆಮೇಲೆ ಮುಂದಿನ ಚಕ್ರದ ಎರಡು ಮೂರು ಹಲ್ಲಿಗೆ ಸಿಗಿಸಿ, ಕೈ ದೂರ ತೆಗೆದು ಪೆಡಲ್ ತಿರುಗಿಸಬೇಕು. ಖಟಕ್ ಎಂದು ಚೈನು ಕೂತಿತು. ಆ ಹೆಂಗಸು ಹೊರಡಲು ಸೈಕಲ್ಲಿನ ಹ್ಯಾಂಡಲ್ ಹಿಡಿದಳು.

"ನಿಲ್ಲವಾ, ಇನ್ನೂ ಮುಗಿದಿಲ್ಲ" ಅಂದರು ಇವರು. ನನ್ನ ಕಡೆ ತಿರುಗಿ, "ಬಿದ್ದ ಚೈನ ಹಾಕೂದು ಎಲ್ಲಾರಿಗೂ ಬರತೈತಿ. ಯಾಕ ಬಿತ್ತು ಅಂತ ನೋಡೂದು ನಮ್ಮ ಕೆಲಸ" ಅಂದರು.

ಹಾಗೆ ಶುರುವಾಯಿತು ನನ್ನ ಕಲಿಕೆ. ಚೈನಿನ ಕೆಳಭಾಗದ ನಡುಮಧ್ಯೆ ಬೆರಳಿಟ್ಟು ಎತ್ತಿದರೆ ಒಂದು ಬೆರಳಿನ ದಪ್ಪದಷ್ಟು ಆಡಬೇಕು. ಅದಕ್ಕಿಂತ ಹೆಚ್ಚು ಆಡಿದರೆ ಬೀಳುತ್ತದೆ. ಸ್ವಲ್ಪವೂ ಆಡದೆ ತಂತಿಯಂತೆ ಬಿಗಿದಿದ್ದರೆ ತುಳಿಯುವವರ ಕಾಲು ಸೋಲುತ್ತದೆ, ಚೈನೂ ಬೇಗ ಸವೆಯುತ್ತದೆ. ಒಂದೇ ಕಡೆ ನೋಡಿ ಬಿಡಬಾರದು, ಪೆಡಲನ್ನು ಒಂದು ಸುತ್ತು ತಿರುಗಿಸುತ್ತ ನಾಲ್ಕು ಕಡೆ ನೋಡಬೇಕು, ಏಕೆಂದರೆ ಹಳೆಯ ಚಕ್ರ ಪೂರ್ತಿ ಗುಂಡಗೆ ಉಳಿದಿರುವುದಿಲ್ಲ. ಹಿಂದಿನ ಗಾಲಿ ಒಂದು ಬದಿಗೆ ವಾಲಿದ್ದರೆ ಎಷ್ಟು ಸಲ ಹಾಕಿದರೂ ಚೈನು ನಿಲ್ಲುವುದಿಲ್ಲ. ಆ ಹೆಂಗಸಿನ ಸೈಕಲ್ಲಿನಲ್ಲಿ ಇದ್ದದ್ದು ಅದೇ ತೊಂದರೆ. ಒಂದು ಕಡೆಯ ನಟ್ಟು ಸಡಿಲಾಗಿ ಗಾಲಿ ಓರೆಯಾಗಿತ್ತು.

ಚೈನು ಜಗ್ಗಿದೆ ಎಂದು ಎಲ್ಲರೂ ಹೇಳುತ್ತಾರೆ. ನಾನೂ ರಬ್ಬರಿನಂತೆ ಕಬ್ಬಿಣ ಜಗ್ಗುತ್ತದೆಂದೇ ತಿಳಿದಿದ್ದೆ. ಅವರು ಒಂದು ಹಳೇ ಚೈನಿನ ಕೊಂಡಿ ಬಿಚ್ಚಿಸಿ ಒಳಗಿನ ಪಿನ್ನು ತೋರಿಸಿದರು. ನಡುವೆ ಸವೆದು ಸಣ್ಣಗಾಗಿತ್ತು. ಪ್ರತಿ ಕೊಂಡಿಯಲ್ಲೂ ಕೂದಲೆಳೆಯಷ್ಟು ಸವೆದರೆ ಇಡೀ ಚೈನು ಉದ್ದವಾಗುತ್ತದೆ. ಮುಂದಿನ ಚಕ್ರದ ಮೇಲೆ ಕೂತಿರುವ ಚೈನನ್ನು ಎರಡು ಬೆರಳಲ್ಲಿ ಹಿಡಿದು ಮುಂದಕ್ಕೆ ಎಳೆದು ನೋಡಬೇಕು. ಹಲ್ಲಿನ ತಳದಲ್ಲಿ ಬೆಳಕು ಕಂಡರೆ ಅದು ಬದಲಿಸುವ ಚೈನು.

ಒಂದು ವಿಷಯದಲ್ಲಿ ಮಾತ್ರ ನಾನೇ ಅವರಿಗೆ ಹೇಳಿದೆ. ಯಾವ ಸೈಕಲ್ಲು ಬಂದರೂ ಅವರು ಮೊದಲು ಎಣ್ಣೆ ಡಬ್ಬಿಯ ಮೂತಿ ಚೈನಿಗೆ ಹಿಡಿಯುತ್ತಿದ್ದರು. ನನಗೆ ಅದು ಸರಿಕಾಣಲಿಲ್ಲ.

"ಅಷ್ಟು ಹೊಲಸ ಕುಂತೈತಿ, ಅದರ ಮ್ಯಾಲೆ ಎಣ್ಣಿ ಸುರೀತೀರಿ? ನಾ ಮಷೀನಿಗೆ ಹಿಂಗ ಮಾಡಿದ್ರ ಜಂಪರ ಎಲ್ಲಾ ಕರಿ ಆಕ್ಕಾವು. ಮೊದ್ಲ ಬ್ರಶ್ ಹಚ್ಚಿ ಒಳಗಿನ ನೂಲು ಧೂಳು ತಗೀತೇನಿ, ಆಮ್ಯಾಲೆ ಒಂದೊಂದ ಹನಿ."

"ಇದು ಸೈಕಲ್ಲ, ಹೊಲಿಗಿ ಮಷೀನ ಅಲ್ಲ."

"ಎರಡೂ ತಿರಗೂ ಕಬ್ಬಣನ ಅಲ್ಲೇನ್ರಿ?"

ಮಾರನೇ ದಿನದಿಂದ ನಾನು ಚೈನನ್ನು ಡೀಸೆಲ್ಲಿನಲ್ಲಿ ಅದ್ದಿದ ಬ್ರಶ್ಶಿನಿಂದ ತಿಕ್ಕಿ, ಒಣ ಅರಿವೆಯಿಂದ ಒರೆಸಿ, ಕೊಂಡಿಗೊಂದು ಹನಿ ಎಣ್ಣೆ ಬಿಟ್ಟು, ಮೇಲಿನದನ್ನು ಮತ್ತೆ ಒರೆಸಿ ತೆಗೆಯುವಾಗ ಅವರು ಬೇಡ ಎನ್ನಲಿಲ್ಲ. ಚೈನು ತಿಕ್ಕಲು ಹಿಂದೆಲ್ಲ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ಬಳಸುತ್ತಿದ್ದರಂತೆ. ಈಗ ಅದೆಲ್ಲಿ ಸಿಗಬೇಕು. ಎಣ್ಣೆ ಬೇಕಾಗಿರುವುದು ಕೊಂಡಿಯ ಒಳಗಿನ ಪಿನ್ನಿಗೆ. ಹೊರಗೆ ಉಳಿದದ್ದು ಧೂಳು ಹಿಡಿಯುವುದಕ್ಕಷ್ಟೇ ಆಗುತ್ತದೆ. ನಮ್ಮಲ್ಲಿ ಆ ಧೂಳಿನಲ್ಲಿ ಮೆಣಸಿನಕಾಯಿಯೂ ಇರುತ್ತದೆ. ಮಾರ್ಕೆಟ್ಟಿನಿಂದ ಬಂದ ಸೈಕಲ್ಲಿನ ಚೈನನ್ನು ಒಮ್ಮೆ ಬಾಯಿಂದ ಊದಿ, ಅರ್ಧ ತಾಸು ಸೀನಿದ್ದೇನೆ. ಇನ್ನೊಂದು ದಿನ ಅಂಥದೇ ಸೈಕಲ್ಲು ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು, ಅವರ ಕಣ್ಣಿನ ರೆಪ್ಪೆ ಬಿಡಿಸಿ ಹನಿ ಬಿಡಲು ಹೋದೆ. ಉರಿಗೆ ಅವರು ಸ್ಟೂಲಿನಿಂದ ಎದ್ದು ನಿಂತುಬಿಟ್ಟರು. ಅವತ್ತಿನಿಂದ ಹನಿಯ ಬಾಟ್ಲಿ ಮುಟ್ಟುವ ಮೊದಲು ಎರಡು ಸಲ ಸಾಬೂನು ಹಚ್ಚಿ ಕೈ ತೊಳೆಯುತ್ತೇನೆ.

ಎರಡು ತಿಂಗಳಾದ ಮೇಲೆ ಹಾವೇರಿಯ ಡಾಕ್ಟರು ಕಣ್ಣಿಗೆ ಲೇಸರ್ ಮಾಡಬೇಕೆಂದರು. ಇವರು ಮಗಳ ಮನೆಯಲ್ಲಿ ಐದು ದಿನ ಉಳಿದರು. ಅಂಗಡಿಯಲ್ಲಿ ನಾನೊಬ್ಬಳೇ. ಆ ಐದು ದಿನದಲ್ಲಿ ನಾನು ಮೂರು ಸೈಕಲ್ಲಿಗೆ ಹೊಸ ಚೈನು ಹಾಕಿದೆ. ಒಂದು, ಹಳ್ಳಿಗಳಿಗೆ ಪಾವ್, ಖಾರಿ, ಟೋಸ್ಟು ಮಾರುವ ಚಾಚಾನದು. ಇನ್ನೊಂದು ಮಾರ್ಕೆಟ್ಟಿನ ಒಬ್ಬ ಹಮಾಲನದು. ಮತ್ತೊಂದು ಕದರಮಂಡಲಗಿಯ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುವ ಅಕ್ಕನದು. ಅವಳು ತವರಿಗೆಂದು ಬ್ಯಾಡಗಿಗೆ ಬಂದಿದ್ದಳು. ಹಳೇ ಚೈನು ತೆಗೆದು, ಹೊಸದನ್ನು ಅದರ ಪಕ್ಕ ಹಿಡಿದು ಕೊಂಡಿ ಎಣಿಸಿ, ಹೆಚ್ಚಿನದನ್ನು ಪಂಚಿನಿಂದ ಹೊಡೆದು ತೆಗೆದು, ಎರಡು ತುದಿ ಕೂಡಿಸಿ ಲಾಕು ಹಾಕಿದೆ. ಫೋನಿನಲ್ಲಿ ಅವರಿಗೆ, "ಇವತ್ತೂ ಒಂದು ಹೊಸಾ ಚೈನ ಹಾಕಿದೆ" ಎಂದು ಹೇಳುವಾಗ ನನ್ನ ದನಿಯಲ್ಲಿ ಹೆಮ್ಮೆ ಇತ್ತು. ಮುಚ್ಚಿಡುವುದೇಕೆ.

ಚಾಚಾ ವಾರಕ್ಕೆರಡು ಸಲ ಕಾಗಿನೆಲೆ ಕಡೆ ಹೋಗುತ್ತಿದ್ದರು. ಅರವತ್ತು ದಾಟಿದ ವಯಸ್ಸು, ಕ್ಯಾರಿಯರಿಗೆ ದೊಡ್ಡ ತಗಡಿನ ಪೆಟ್ಟಿಗೆ. ಅವರು ಶುಕ್ರವಾರ ಮಧ್ಯಾಹ್ನ ಸೈಕಲ್ಲು ತಳ್ಳಿಕೊಂಡು ಕುಂಟುತ್ತ ಅಂಗಡಿ ಮುಂದೆ ಬಂದು ನಿಂತಾಗ ನಾನು ಒಂದು ಪಂಕ್ಚರ್ ತಿದ್ದುತ್ತಿದ್ದೆ. ಪೈಜಾಮದ ಮೊಣಕಾಲು ಹರಿದಿತ್ತು. ಪೆಟ್ಟಿಗೆಯ ಒಂದು ಮೂಲೆ ಒಳಗೆ ಹೋಗಿತ್ತು. ಚೈನು ಕೈಯಲ್ಲಿತ್ತು.

"ಏನಾತ್ರಿ ಚಾಚಾ?"

"ಏನಾತಂತ ನನ್ನ ಕೇಳತಿ? ಉಬ್ಬ ಹತ್ತಾಕಂತ ಎದ್ದು ನಿಂತು ತುಳದೆ. ಚೈನ ಬಿಚ್ಚಿ ಹೋತು. ಪೆಡಲ್ ಖಾಲಿ ತಿರಗಿತು, ನಾ ಬಿದ್ದೆ. ಪಾವ್ ಎಲ್ಲಾ ರಸ್ತೆ ಮ್ಯಾಲೆ. ನಾಕು ದಿನದ ಚೈನ ಇದು, ಬೇಟಿ!"

ನಾನು ಚೈನನ್ನು ಕೈಗೆ ತೆಗೆದುಕೊಂಡು ನೋಡಿದೆ. ಯಾವ ಕೊಂಡಿಯೂ ಮುರಿದಿರಲಿಲ್ಲ. ಎರಡು ತುದಿ ಕೂಡಿಸಿದ್ದ ಲಾಕು ಮಾತ್ರ ಇರಲಿಲ್ಲ. ದಾರಿಯಲ್ಲಿ ಎಲ್ಲೋ ಬಿದ್ದಿತ್ತು. ಬೇರೆ ಲಾಕು ಹಾಕಿಕೊಡುತ್ತೇನೆ, ಕೂತುಕೊಳ್ಳಿ ಎಂದೆ. ಅವರು ಕೂರಲಿಲ್ಲ. "ಬ್ಯಾಡ, ಯಜಮಾನ ಬರಲಿ" ಎಂದು ಸೈಕಲ್ಲನ್ನು ಅಲ್ಲೇ ಬಿಟ್ಟು, ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಮನೆ ಕಡೆ ನಡೆದರು.

ಅವತ್ತು ಸಂಜೆಯ ಬಸ್ಸಿಗೆ ಯಜಮಾನರು ಹಾವೇರಿಯಿಂದ ಬಂದರು. ಕಪ್ಪು ಕನ್ನಡಕ ಹಾಕಿಕೊಂಡಿದ್ದರು. ಕೈಕಾಲು ತೊಳೆದು ಚಹಾ ಕುಡಿಯುವ ತನಕ ತಡೆದು, ಆಮೇಲೆ ನಡೆದದ್ದೆಲ್ಲ ಹೇಳಿದೆ.

"ಲಾಕ್ ಎತ್ತಾಗ ಬಾಯಿ ಮಾಡಿ ಹಾಕಿದ್ದಿ?"

"ಲಾಕಿಗೆ ಬಾಯಿ ಐತೇನು?"

ಅವರು ಚಹಾದ ಕಪ್ಪನ್ನು ಕೆಳಗಿಟ್ಟರು. ಆಮೇಲೆ ಅಂಗಡಿಯಿಂದ ಒಂದು ಲಾಕು ತರಿಸಿಕೊಂಡು ನನ್ನ ಅಂಗೈಯಲ್ಲಿಟ್ಟರು. ತೆಳ್ಳನೆಯ ತಗಡಿನ ತುಂಡು, ಉಗುರಿನಷ್ಟು ಉದ್ದ. ಒಂದು ತುದಿ ಮುಚ್ಚಿದೆ, ಇನ್ನೊಂದು ತುದಿ, ಅದೇ ಬಾಯಿ, ಮೀನಿನ ಬಾಲದಂತೆ ಸೀಳಿದೆ. ಪಿನ್ನುಗಳ ತುದಿಯ ಕಚ್ಚಿನಲ್ಲಿ ಇದನ್ನು ಸಿಗಿಸಿದರೆ ಕೂಡುಕೊಂಡಿ ಭದ್ರವಾಗುತ್ತದೆ. ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು. ಸೀಳಿದ ತುದಿ ಮುಂದಾದರೆ, ಚೈನ್ ಕವರಿಗೋ ಕಲ್ಲಿಗೋ ಕಸಕ್ಕೋ ತಾಗಿ ತಾಗಿ ಒಂದು ದಿನ ಜಾರಿ ಬೀಳುತ್ತದೆ.

"ಇದನ್ನ ನೀವು ನನಗ ಹೇಳಿರಲಿಲ್ಲ" ಅಂದೆ.

"ಹೇಳಿರಲಿಲ್ಲೇನು?"

"ಇಲ್ಲ."

ಅವರಿಗೆ ಅದೇ ಆಶ್ಚರ್ಯ. "ಕೈ ತಾನ ಹಾಕತೈತಿ. ಹೇಳೂದು ಅಂತ ಹೊಳೀಲಿಲ್ಲ ನೋಡು" ಅಂದರು. ಅದುವರೆಗೆ ನಾನು ಹಾಕಿದ ಲಾಕುಗಳನ್ನೆಲ್ಲ ಅವರು ಕೊನೆಗೊಮ್ಮೆ ಬೆರಳಾಡಿಸಿ ನೋಡುತ್ತಿದ್ದರು, ತಪ್ಪಿದ್ದರೆ ಮಾತಾಡದೆ ತಿರುಗಿಸಿ ಹಾಕುತ್ತಿದ್ದರು ಎಂಬುದು ನನಗೆ ಆಗ ಗೊತ್ತಾಯಿತು. ನಾನು ಅದನ್ನು ಎಣ್ಣೆ ಮುಟ್ಟಿ ನೋಡುವುದೆಂದು ತಿಳಿದಿದ್ದೆ.

ಒಂದು ಸೈಕಲ್ಲಿನದು ಗೊತ್ತಾಯಿತು. ಇನ್ನೆರಡು ಓಡಾಡುತ್ತಿದ್ದವು. ಹಮಾಲ ಸೈಕಲ್ ಮೇಲೆ ಚೀಲ ಹೇರಿಕೊಂಡು ಲಾರಿಗಳ ನಡುವೆ ಹೋಗುವವನು. ಬಿಸಿಯೂಟದ ಅಕ್ಕ ಹಿಂದೆ ಮಗಳನ್ನು ಕೂರಿಸಿಕೊಳ್ಳುತ್ತಾಳೆ. ಮಾರನೇ ದಿನ ಬೆಳಿಗ್ಗೆ ಲಾಕು ಹಿಡಿದು ಕೀಳುವ ಪಕ್ಕಡು, ನಾಲ್ಕು ಹೊಸ ಲಾಕು, ಒಂದು ಅರಿವೆ ಚೀಲದಲ್ಲಿ ಹಾಕಿಕೊಂಡು ಹೊರಟೆ. ಅವರು ತಾವೂ ಬರುತ್ತೇನೆಂದರು. ಧೂಳಿಗೆ ಹೋಗಬಾರದೆಂದು ಡಾಕ್ಟರು ಹೇಳಿದ್ದರಿಂದ ಬೇಡವೆಂದೆ.

ಮಾರ್ಕೆಟ್ಟಿನಲ್ಲಿ ಸುಗ್ಗಿಯ ಕಾಲ. ಎಲ್ಲಿ ನೋಡಿದರೂ ಕೆಂಪು ಚೀಲಗಳ ಗೋಡೆ, ಎಲ್ಲರಿಗೂ ಕೆಮ್ಮು. ಗೋಡೆಗೆ ಆನಿಸಿ ಐವತ್ತು ಸೈಕಲ್ಲಾದರೂ ನಿಂತಿದ್ದವು. ಹಮಾಲನ ಸೈಕಲ್ಲಿನ ಹ್ಯಾಂಡಲಿಗೆ ಹಸಿರು ಟೇಪು ಸುತ್ತಿದ್ದು ನೆನಪಿತ್ತು. ಹುಡುಕಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಪೆಡಲ್ ತಿರುಗಿಸಿದೆ. ಲಾಕು ಕಣ್ಣ ಮುಂದೆ ಬಂತು. ಸೀಳಿದ ತುದಿ ಮುಂದಿತ್ತು. ಅರ್ಧ ಜಾರಿಯೂ ಇತ್ತು.

"ಏನ ಮಾಡಾಕತ್ತೀರಿ ಅಕ್ಕಾರ ನನ್ನ ಸೈಕಲ್ಲಿಗೆ?" ಹಿಂದಿನಿಂದ ಅವನೇ ಬಂದ, ತಲೆಗೆ ಟವೆಲ್ ಸುತ್ತಿಕೊಂಡು.

"ತಪ್ಪ ಹಾಕಿದ್ದೆನಪಾ. ತಿದ್ದಾಕ ಬಂದೇನಿ."

ಅವನು ಬಗ್ಗಿ ನೋಡಿದ. ಅರ್ಥವಾಗುವ ತನಕ ನೋಡಿದ. "ಕೊಡೂ ಮುಂದ ನೋಡಬೇಕಿತ್ತಲ್ರಿ ಇದನ್ನ" ಅಂದ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ. ಹೌದು ಎಂದೆ. ಲಾಕು ತೆಗೆದು ಹೊಸದನ್ನು ಸರಿಯಾದ ದಿಕ್ಕಿಗೆ ಹಾಕಿ, ಅವನ ಕೈಯಿಂದಲೇ ಪೆಡಲ್ ತಿರುಗಿಸಿ ತೋರಿಸಿ ಎದ್ದೆ.

ಅಂದು ಶನಿವಾರ. ಕದರಮಂಡಲಗಿಯ ಬಸ್ಸಿನಲ್ಲಿ ಹನುಮಪ್ಪನ ಗುಡಿಗೆ ಹೋಗುವವರೇ ತುಂಬಿದ್ದರು. ಕಾಲಿಡಲು ಜಾಗವಿರಲಿಲ್ಲ. ಶನಿವಾರ ಶಾಲೆ ಬೆಳಿಗ್ಗೆಯೇ ಮುಗಿಯುತ್ತದೆ. ಆ ಅಕ್ಕ ಹೊರಟುಬಿಟ್ಟರೆ ಎಂಬ ಒಂದೇ ಚಿಂತೆ. ಎಲ್ಲರೂ ಇಳಿದು ಗುಡಿಯ ಕಡೆ ಹೋದರು, ನಾನು ದೂರದಿಂದಲೇ ಕೈಮುಗಿದು ಶಾಲೆಯ ದಾರಿ ಕೇಳಿಕೊಂಡು ಓಡಿದೆ.

ಅವಳು ಅಡುಗೆಮನೆಯ ಹಿಂದೆ ದೊಡ್ಡ ಪಾತ್ರೆ ತಿಕ್ಕುತ್ತಿದ್ದಳು. ನನ್ನನ್ನು ಕಂಡು ಗಾಬರಿಯಾದಳು. "ಯಾಕ ಅಕ್ಕಾರ, ಏನರೆ ಮರತು ಹೋಗಿದ್ನೇನು ನಿಮ್ಮ ಅಂಗಡ್ಯಾಗ?"

"ನೀವಲ್ಲ, ನಾ ಮರತೇನಿ" ಎಂದು ವಿಷಯ ಹೇಳಿದೆ. ಸೈಕಲ್ಲು ಗೋಡೆಗೆ ಒರಗಿತ್ತು. ಕೂತು ಪೆಡಲ್ ತಿರುಗಿಸಿದೆ. ಇದರಲ್ಲಿ ಲಾಕು ಸರಿಯಾಗಿತ್ತು. ಮುಚ್ಚಿದ ತುದಿ ಮುಂದೆ, ಸೀಳಿದ್ದು ಹಿಂದೆ. ಸಮಾಧಾನವಾಗಬೇಕಿತ್ತು. ಆಗಿದ್ದು ನಾಚಿಕೆ. ಅದು ನಾನು ತಿಳಿದು ಹಾಕಿದ್ದಲ್ಲ, ಹಾಗೆ ಬಿದ್ದುಹೋಗಿತ್ತು ಅಷ್ಟೇ.

ಆದರೆ ಚೈನಿನ ಗತಿ ಬೇರೆಯೇ ಆಗಿತ್ತು. ಐದು ದಿನದ ಹೊಸ ಚೈನು ಕಂದು ಬಣ್ಣದ ಅಂಟಿನಿಂದ ಮೆತ್ತಿಕೊಂಡಿತ್ತು. ಮುಟ್ಟಿದರೆ ಬೆರಳು ಹಿಡಿದುಕೊಳ್ಳುತ್ತಿತ್ತು. ಮೂಗಿಗೆ ಹಿಡಿದೆ.

"ಇದಕ್ಕ ಏನ ಹಚ್ಚೀರಿ?"

"ಒಗ್ಗರಣಿ ಎಣ್ಣಿ ರೀ. ಹೊಸಾ ಚೈನ ಒಣಗಬಾರದಂತ ದಿನಾ ಒಂದ ಚಮಚ ಹಾಕತೇನಿ."

ನನಗೆ ನಗು ಬಂತು, ಅವಳಿಗೂ ಬಂತು. ಹೊಲಿಗೆ ಕಲಿಯುವಾಗ ನಾನೂ ಮಷೀನಿಗೆ ಕೊಬ್ಬರಿ ಎಣ್ಣೆ ಹಾಕಿ, ಚಳಿಗಾಲದಲ್ಲಿ ಅದು ಗಟ್ಟಿಯಾಗಿ ಗಾಲಿ ತಿರುಗದೆ ಬೈಸಿಕೊಂಡಿದ್ದೆ. ಅದನ್ನು ಹೇಳಿದೆ. ಉಣ್ಣುವ ಎಣ್ಣೆ ಒಣಗಿ ಅಂಟಾಗುತ್ತದೆ, ಧೂಳನ್ನೆಲ್ಲ ಹಿಡಿದು ಮರಳು ಕಾಗದದಂತೆ ಒಳಗಿನ ಪಿನ್ನನ್ನು ತಿನ್ನುತ್ತದೆ. ಅವಳು ಪಾತ್ರೆ ತಿಕ್ಕುವ ಸೋಪಿನ ಬಿಸಿನೀರು ತಂದಳು. ಇಬ್ಬರೂ ಕೂತು ಚೈನು ತಿಕ್ಕಿ ತೊಳೆದು ಒರೆಸಿದೆವು. ಬಿಸಿಲಿಗೆ ಒಣಗಲು ಬಿಟ್ಟು ಮಾತಾಡುತ್ತ ಕೂತೆವು. ಹದಿನೈದು ದಿನಕ್ಕೊಮ್ಮೆ ಒರೆಸಿ, ಮಷೀನ್ ಎಣ್ಣೆ ಹನಿಹನಿ ಬಿಡು, ಮಳೆಯಲ್ಲಿ ನೆನೆದರೆ ಅವತ್ತೇ ಒರೆಸು ಎಂದು ಹೇಳಿದೆ. ಅವಳು ಉಳಿದಿದ್ದ ಅನ್ನ ಸಾರು ಬಡಿಸಿದಳು. ಹಸಿದಿದ್ದೆ, ಉಂಡೆ.

ತಿರುಗಿ ಬರುವ ದಾರಿಯಲ್ಲಿ ಚಾಚಾನ ಮನೆಗೆ ಹೋದೆ. ಅವರು ಹೊರಸಿನ ಮೇಲೆ ಕಾಲು ಚಾಚಿ ಕೂತಿದ್ದರು. ಹೆಂಡತಿ ಬಿಸಿ ಉಪ್ಪಿನ ಗಂಟಿನಿಂದ ಮೊಣಕಾಲಿಗೆ ಶಾಖ ಕೊಡುತ್ತಿದ್ದರು. ಆಕೆ ನನ್ನ ಮುಖ ನೋಡಲಿಲ್ಲ. ಲಾಕಿನ ತಪ್ಪನ್ನು ಬಿಡಿಸಿ ಹೇಳಿ, "ನಂದ ತಪ್ಪು ಚಾಚಾ, ಚೈನಿಂದಲ್ಲ" ಎಂದೆ.

ಚಾಚಾ ಕೇಳಿಸಿಕೊಂಡರು. "ಮೊಣಕಾಲ ನಾಕ ದಿನಕ್ಕ ಸರಿ ಆಗತೈತಿ, ಬೇಟಿ. ನೀ ಬಂದು ಹೇಳಿದ್ದೂ ಛಲೋ ಆತು. ಆದ್ರ ಖರೇ ಹೇಳ್ಲೇನು? ಇನ್ನ ನಿನ್ನ ಕೈಯಾಗ ಸೈಕಲ್ಲು ಕೊಡಾಕ ನನಗ ಧೈರ್ಯ ಇಲ್ಲ. ಬ್ಯಾಸರ ಮಾಡ್ಕೋಬ್ಯಾಡ."

ಬೇಸರವಾಯಿತು. ಆದರೂ ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಯಜಮಾನರು ತಾವೇ ಬೆರಳಿನಿಂದ ತಡವಿ ಲಾಕು ಹಾಕಿದ ಸೈಕಲ್ಲನ್ನು ಮರುದಿನ ಅವರ ಮನೆಗೆ ತಲುಪಿಸಿದೆ. ಅದಾದ ಮೇಲೆ ಚಾಚಾ ನಮ್ಮ ಅಂಗಡಿ ಮುಂದೆ ಸಲಾಂ ಮಾಡಿ ದಾಟಿ ಹೋಗುತ್ತಿದ್ದರು. ರಿಪೇರಿಗೆ ಬೇರೆ ಕಡೆ ಹೋಗುತ್ತಿದ್ದರು.

ಆ ವಾರದ ನಂತರ ನಾವಿಬ್ಬರೂ ಕೆಲಸದ ರೀತಿ ಬದಲಿಸಿದೆವು. ಅವರಿಗೆ ಏನೇನು ಗೊತ್ತು ಎಂಬುದು ಅವರಿಗೇ ಗೊತ್ತಿರಲಿಲ್ಲ. ಹಾಗಾಗಿ ಕೇಳುವ ಕೆಲಸ ನನ್ನದಾಯಿತು. ಅವರು ಎಡಗೈಯಿಂದ ಒಂದು ಕೆಲಸ ಮಾಡುತ್ತಿದ್ದರೆ ನಡುವೆ ತಡೆದು, "ಈಗ ಯಾಕ ಹೆಬ್ಬೆರಳು ಅಲ್ಲಿಟ್ರಿ?" ಎಂದು ಕೇಳುತ್ತಿದ್ದೆ. ಮೊದಮೊದಲು ಸಿಟ್ಟಾಗುತ್ತಿದ್ದರು. "ಇಡಬೇಕು, ಇಟ್ಟೆ" ಎನ್ನುತ್ತಿದ್ದರು. ಆಮೇಲೆ ಯೋಚಿಸಿ ಉತ್ತರ ಹೇಳುತ್ತಿದ್ದರು. ಜಂಪರಿನ ಅಳತೆ ಬರೆಯುವ ನೋಟುಬುಕ್ಕಿನ ಹಿಂದಿನ ಹಾಳೆಗಳಲ್ಲಿ ನಾನು ಬರೆದುಕೊಂಡೆ. ಗಾಲಿಯ ನಟ್ಟನ್ನು ಒಂದೇ ಕಡೆ ಪೂರ್ತಿ ಬಿಗಿಯಬಾರದು, ಈ ಕಡೆ ಸ್ವಲ್ಪ, ಆ ಕಡೆ ಸ್ವಲ್ಪ. ಟಕ್ ಟಕ್ ಎಂದು ಸುತ್ತಿಗೊಮ್ಮೆ ಸದ್ದು ಬಂದರೆ ಹಲ್ಲು ಬಾಗಿದೆ. ಸುತ್ತಿನ ಲೆಕ್ಕಕ್ಕೆ ಸಿಗದಂತೆ ಆಗೊಮ್ಮೆ ಈಗೊಮ್ಮೆ ಬಂದರೆ ಯಾವುದೋ ಕೊಂಡಿ ಬಿಗಿ ಹಿಡಿದಿದೆ. ಇದನ್ನೆಲ್ಲ ಅವರು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು.

ಮುಂಗಾರು ಬಂತು. ನಮ್ಮ ಕಡೆಯ ಎರೆಮಣ್ಣು ಒಣಗಿದ್ದಾಗ ಕಲ್ಲು, ನೆನೆದರೆ ಅಂಟು. ಮಡಗಾರ್ಡಿನೊಳಗೆ ತುಂಬಿ ಗಾಲಿ ನಿಲ್ಲಿಸುತ್ತದೆ, ಚೈನಿನ ಮೇಲೆ ಮೆತ್ತಿ ಹಲ್ಲಿನ ಸಂದಿಗೆ ಗಟ್ಟಿಯಾಗಿ ಕೂರುತ್ತದೆ. ಆಗ ಚೈನು ಹಲ್ಲಿನ ತಳಕ್ಕೆ ಇಳಿಯಲಾಗದೆ ಮೇಲೆಯೇ ಹತ್ತಿ ಜಾರುತ್ತದೆ. ಆ ದಿನಗಳಲ್ಲಿ ಅಂಗಡಿ ಮುಂದೆ ಬಂದ ಸೈಕಲ್ಲುಗಳಿಗೆ ಪಾನಾಕ್ಕಿಂತ ಹೆಚ್ಚಾಗಿ ಕಡ್ಡಿ, ಬ್ರಶ್ಶು, ಒಂದು ಬಕೆಟ್ ನೀರು ಸಾಕಾಗುತ್ತಿತ್ತು.

ಅಂಥ ಒಂದು ದಿನ ಚಾಚಾ ಬಂದು ನಿಂತರು. ಸೈಕಲ್ಲು ಕೆಸರಾಗಿರಲಿಲ್ಲ. ಅವರು ನನ್ನನ್ನು ಬಿಟ್ಟು ಯಜಮಾನರಿಗೆ ಹೇಳಿದರು: "ತುಳಿದ್ರ ಚೈನ ಜಿಗೀತೈತಿ. ಎರಡ ತಿಂಗಳಾತು, ಹೋದಾಗೊಮ್ಮೆ ಬಿಗೀತಾರ. ಈಗ ತುಳಿಯಾಕೂ ಆಗವಲ್ದು."

"ನನಗ ಹೇಳಬ್ಯಾಡ್ರಿ, ಅಕೀಗೆ ಹೇಳ್ರಿ. ನನಗೆಲ್ಲಿ ಕಾಣಸತೈತಿ" ಅಂದರು ಇವರು.

ಚಾಚಾ ನನ್ನ ಕಡೆ ನೋಡಿ, ಸ್ಟ್ಯಾಂಡು ಹಾಕಿದರು. ಚೈನು ತಂತಿಯಂತೆ ಬಿಗಿದಿತ್ತು. ಆದರೂ ಜಿಗಿಯುತ್ತಿತ್ತು. ಚೈನು ಬಿಚ್ಚಿ ಹಿಂದಿನ ಫ್ರೀವೀಲನ್ನು ಒರೆಸಿ ನೋಡಿದೆ. ಹಲ್ಲುಗಳೆಲ್ಲ ಒಂದೇ ಕಡೆ ಸವೆದು ಕುಡುಗೋಲಿನ ಮೊನೆಯಂತೆ ಬಾಗಿದ್ದವು. ಹಳೇ ಚೈನಿನ ಜೊತೆ ವರ್ಷಗಟ್ಟಲೆ ಓಡಿ ಸವೆದ ಹಲ್ಲುಗಳು. ಅದರ ಮೇಲೆ ನಾನು ಹೊಸ ಚೈನು ಹಾಕಿದ್ದೆ. ಹೊಸ ಕೊಂಡಿ ಆ ಹಲ್ಲಿಗೆ ಕೂರುವುದೇ ಇಲ್ಲ. ಲಾಕಿನದು ನನ್ನ ಒಂದು ತಪ್ಪು, ಇದು ಎರಡನೆಯದು. ಅದನ್ನೂ ಹೇಳಿದೆ. "ಅವತ್ತ ಚೈನಿನ ಜೋಡಿ ಇದನ್ನೂ ಬದಲ ಮಾಡಬೇಕಿತ್ತು ಚಾಚಾ. ಆಗ ನನಗ ತಿಳೀಲಿಲ್ಲ."

"ಈಗ ತಿಳೀತಲ್ಲ" ಅಂದರು ಚಾಚಾ. ಅಷ್ಟೇ ಅಂದು ಸ್ಟೂಲಿನ ಮೇಲೆ ಕೂತರು.

ಹೊಸ ಫ್ರೀವೀಲು ಹಾಕಿ, ಚೈನು ಒಂದು ಬೆರಳಿನಷ್ಟು ಆಡುವಂತೆ ಗಾಲಿ ಸರಿಸಿ, ಲಾಕು ಹಾಕಿದೆ. ಚಾಚಾ ಎದ್ದು ಬಂದು, ಬಗ್ಗಿ, ಲಾಕಿನ ದಿಕ್ಕನ್ನು ತಾವೇ ನೋಡಿದರು. ನೋಡಲಿ ಎಂದು ನಾನೂ ಪೆಡಲನ್ನು ನಿಧಾನಕ್ಕೆ ತಿರುಗಿಸಿದೆ. ಮಾರ್ಕೆಟ್ಟಿನ ತನಕ ಒಂದು ಸುತ್ತು ಹೊಡೆದು ಬಂದು, ಪೆಟ್ಟಿಗೆ ತೆರೆದು ನಾಲ್ಕು ಖಾರಿ ಕಾಗದದಲ್ಲಿ ಕಟ್ಟಿಕೊಟ್ಟರು. ಆ ಮೇಲೆ ಅವರು ಬೇರೆ ಅಂಗಡಿಗೆ ಹೋಗಿಲ್ಲ. ಪ್ರತಿ ಸಲವೂ ಲಾಕು ನೋಡಿಯೇ ಹೊರಡುತ್ತಾರೆ.

ಇದಾಗಿ ನಾಲ್ಕು ವರ್ಷ. ಯಜಮಾನರ ಕಣ್ಣು ಅಷ್ಟರಮಟ್ಟಿಗೆ ನಿಂತಿದೆ, ಹೆಚ್ಚು ಕೆಟ್ಟಿಲ್ಲ. ಹೊಲಿಗೆಯನ್ನು ನಾನು ಹಬ್ಬದ ದಿನಗಳಿಗೆ ಮಾತ್ರ ಇಟ್ಟುಕೊಂಡಿದ್ದೇನೆ. ಸಾಮಾನು ತರಲು ಇಬ್ಬರೂ ಒಟ್ಟಿಗೆ ರಾಣೇಬೆನ್ನೂರಿಗೆ ರೈಲಿನಲ್ಲಿ ಹೋಗುತ್ತೇವೆ. ಮೊನ್ನೆ ಹೋದಾಗ ಅಂಗಡಿಯವರು ಡಜನ್ ಚೈನು ತೆಗೆದು ಮೇಜಿನ ಮೇಲಿಟ್ಟರು. ಇವರು ಒಂದೊಂದನ್ನೇ ಎತ್ತಿ, ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿಯಿಂದ ಕೊಂಡಿ ಕೊಂಡಿಗೂ ಬೆರಳಾಡಿಸುತ್ತ ಬಂದರು. ಹಿಂದೆ ನಿಂತವರು ಗೊಣಗಿದರು. ಅಂಗಡಿಯವರು, "ಎಲ್ಲಾ ಹೊಸಾ ಮಾಲ ಅದ ರೀ, ಪ್ಯಾಕ್ ಒಡದದ್ದ ಈಗ" ಅಂದರು.

ಏಳನೆಯ ಚೈನಿನಲ್ಲಿ ಅವರ ಬೆರಳು ನಿಂತಿತು. ಅಲ್ಲಿ ಒಂದು ಕೊಂಡಿ ಬಾಗದೆ ನೆಟ್ಟಗೆ ನಿಂತಿತ್ತು. ನಾನು ಎರಡು ಕೈಯಲ್ಲಿ ಹಿಡಿದು ಆಡಿಸಿ ನೋಡಿದೆ. ಬಿಗಿಯಾಗಿಯೇ ಇತ್ತು. ಅಂಗಡಿಯವರು ಇಸಿದುಕೊಂಡು ನೋಡಿ, ಅದನ್ನು ಪಕ್ಕಕ್ಕಿಟ್ಟು ಬೇರೊಂದು ತೆಗೆದರು. ಇವರು ಅದನ್ನೂ ತುದಿಯಿಂದ ಶುರು ಮಾಡಿದರು.